ಬ್ರೂಗೆಲ್‌ನ ಆರು ಕುರುಡರು: ಗೇಲಿಯೋ, ಅನುಕಂಪವೋ?

ಕುಂಚಪ್ರಿಯ: ಫ್ಲೆಮಿಶ್ ಚಿತ್ರಕಾರ ಪೀಟರ್ ಬ್ರೂಗೆಲ್ 1568ರಲ್ಲಿ, ಅಂದರೆ ತಾನು ತೀರಿಕೊಳ್ಳುವ ಹಿಂದಿನ ವರ್ಷ, ಬರೆದ ‘ಕುರುಡರ ಸಾಮ್ಯ’ (ಸಾಮ್ಯವೆಂದರೆ ದೃಷ್ಟಾಂತ) ಎಂಬ ಚಿತ್ರ ಈಗ ಇಟಲಿಯ ನೇಪಲ್ಸಿನ ಕಾಪೊದಿಮೊಂತೆ ವಸ್ತುಸಂಗ್ರಹಾಲಯದಲ್ಲಿದೆ. ಮತ್ತಾಯನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಯೇಸು ಫರಿಸಾಯರನ್ನು, ಅಂದರೆ ಧರ್ಮನಿಯಮಗಳಲ್ಲಿ ಕಟ್ಟುನಿಟ್ಟಾದ ಯೆಹೂದಿ ಪಂಗಡದವರನ್ನು, ದಾರಿ ತೋರಿಸುವ ಕುರುಡರೆಂದು ಜರೆದು, ಕುರುಡನು ಕುರುಡನನ್ನು ನಡೆಸಿದರೆ ಇಬ್ಬರೂ ಕುಣಿಗೆ ಬೀಳುವರು ಎನ್ನುತ್ತಾನೆ. ಆ ಇಬ್ಬರನ್ನು ಬ್ರೂಗೆಲ್ ಆರು ಮಂದಿಯಾಗಿಸಿ ಒಂದೇ ಇಳಿಜಾರಿನಲ್ಲಿ ಸಾಲಾಗಿ ನಡೆಸಿದ್ದಾನೆ. ಮುಂದಾಳು ಹಳ್ಳದಲ್ಲಿ ಅಂಗಾತ ಬಿದ್ದಿರುವಾಗ ಕೊನೆಯವನಿಗೆ ಅದರ ಸುಳಿವೂ ಇಲ್ಲ. ಇದನ್ನು ಗೇಲಿಯೆನ್ನಲು ನನಗೆ ಮನಸ್ಸಾಗುವುದಿಲ್ಲ.

ಹಳೆಯ ಓದುಗ: ಒಪ್ಪಲಾರೆ. ಅಜ್ಞಾನಕ್ಕೆ ಕುರುಡನ್ನೇ ಹೋಲಿಕೆಯಾಗಿ ತರುವುದು ಬೈಬಲ್ಲಿನದೊಂದೇ ಚಾಳಿಯಲ್ಲ. ತಾವೇ ಪಂಡಿತರೆಂದು ಬೀಗುವ ಮೂಢರನ್ನು ಕಠೋಪನಿಷತ್ತೂ ಕುರುಡನ ಹಿಂದೆ ನಡೆವ ಕುರುಡರಿಗೇ ಹೋಲಿಸುತ್ತದೆ. ಹೋಲಿಕೆಯಲ್ಲಿಯೇ ತಾತ್ಸಾರ ಬೆರೆತಿರುವಾಗ ಚಿತ್ರಕಾರ ಅದರಿಂದ ಹೇಗೆ ಪಾರಾದಾನು?

ನೇತ್ರವೈದ್ಯೆ: ಮುಖಗಳನ್ನು ಒಂದೊಂದಾಗಿ ನೋಡಿ. ಮುಗ್ಗರಿಸುತ್ತಿರುವ ಎರಡನೆಯವನಿಗೆ ಕಣ್ಣುಗುಡ್ಡೆಗಳೇ ಇಲ್ಲ. ಮೂರನೆಯವನ ಕಣ್ಣಿನ ಪಾರಪಟಲ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಬೆಳ್ಳಗಾಗಿದೆ. ಒಬ್ಬೊಬ್ಬನ ಕುರುಡಿಗೂ ಬೇರೆ ಬೇರೆ ಕಾರಣವನ್ನು ವೈದ್ಯರು ಗುರುತಿಸಬಲ್ಲಷ್ಟು ನಿಖರವಾಗಿ ಅವನು ಬರೆದಿದ್ದಾನೆ. ಗೇಲಿಗೆ ಮುಚ್ಚಿದ ರೆಪ್ಪೆಗಳೇ ಸಾಕಿದ್ದವು.

ಹಳೆಯ ಓದುಗ: ನಿಖರತೆ ಅನುಕಂಪವೇ ಆಗಬೇಕೆಂದಿಲ್ಲ, ಡಾಕ್ಟರೇ. ಗಲ್ಲಿಗೇರಿಸುವವನೂ ಕೊರಳನ್ನು ಸರಿಯಾಗಿಯೇ ಅಳೆಯುತ್ತಾನೆ.

ದಾರಿಹೋಕ: ಹಿನ್ನೆಲೆಯ ಚರ್ಚನ್ನು ಯಾರೂ ಎತ್ತಲಿಲ್ಲವಲ್ಲ. ಅದು ಬ್ರಸೆಲ್ಸ್ ಬಳಿಯ ಸಿಂಟ್ ಆನಾ ಪೇಡೆಯಲ್ಲಿ ಇಂದಿಗೂ ಇದೆ. 1567ರಲ್ಲಿ ಆಲ್ಬಾದ ಡ್ಯೂಕ್ ಸ್ಪೇನಿನ ಸೈನ್ಯದೊಂದಿಗೆ ಬ್ರಸೆಲ್ಸಿಗೆ ಬಂದು, ಧರ್ಮವಿರೋಧಿಗಳೆಂದು ಕಂಡವರನ್ನು ದಂಡಿಸಲು ನ್ಯಾಯಮಂಡಳಿ ಕೂರಿಸಿದ ಮರುವರ್ಷದ ಚಿತ್ರವಿದು. ಹೀಗಾಗಿ ಆ ಚರ್ಚನ್ನು ಕುರುಡರು ತಪ್ಪಿಸಿಕೊಂಡ ಸನ್ಮಾರ್ಗವೆಂದು ಕೆಲವರೂ, ದಾರಿ ತೋರಲಾರದ ಧರ್ಮವೆಂದು ಕೆಲವರೂ ಓದುತ್ತಾರೆ. ನನಗಾದರೋ ಅದು ತನ್ನ ಪಾಡಿಗೆ ನಿಂತ ಊರ ಗುಡಿಯಂತೆ ಕಾಣುತ್ತದೆ. ಯಾರು ಬಿದ್ದರೂ ಅದರ ಗಂಟೆ ಹೊತ್ತಿಗೆ ಸರಿಯಾಗಿ ಬಾರಿಸೀತು.

ಕುಂಚಪ್ರಿಯ: ಓದುಗರು ಕೋಲುಗಳನ್ನು ಗಮನಿಸಬೇಕು. ಸುಮಾರು 86 ಸೆಂಟಿಮೀಟರ್ ಎತ್ತರ, 154 ಸೆಂಟಿಮೀಟರ್ ಅಗಲದ ನಾರುಬಟ್ಟೆಯ ಮೇಲೆ, ಎಣ್ಣೆಯ ಹೊಳಪಿಲ್ಲದ ಅಂಟುಬಣ್ಣದಲ್ಲಿ, ಬೀಳುವಿಕೆ ಎಡದಿಂದ ಬಲಕ್ಕೆ ಹೆಜ್ಜೆಹೆಜ್ಜೆಗೂ ಬಿರುಸಾಗುತ್ತದೆ. ಎರಡನೆಯವನು ಹಿಡಿದ ಕೋಲಿನ ಇನ್ನೊಂದು ತುದಿ ಮೂರನೆಯವನ ಕೈಯಲ್ಲಿದೆ, ಅವನಿಗೆ ಆ ಸೆಳೆತ ಈಗಷ್ಟೇ ತಾಕುತ್ತಿದೆ. ಒಬ್ಬರನ್ನೊಬ್ಬರು ನಂಬಿ ಹಿಡಿದದ್ದೇ ಅವರನ್ನು ಉರುಳಿಸುತ್ತಿದೆ. ಫರಿಸಾಯರ ಮೇಲಿನ ಸಿಟ್ಟು ಇಲ್ಲಿ ನನಗೆ ಕಾಣುವುದಿಲ್ಲ.

ಹಳೆಯ ಓದುಗ: ಆ ಕೋಲು ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ಒಪ್ಪುತ್ತೇನೆ. ಸಾಮ್ಯದ ಬಗ್ಗೆ ಆಡಿದ ಮಾತನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ.