ಅಲಾರಂ ಕೂಗಿದರೆ ಬ್ಯಾಟರಿ ಕೀಳಬೇಡ, ಪುಟ್ಟಿ

ಪುಟ್ಟಿ, ನಮ್ಮ ಮನೆಮಂದಿಯ ಗುಂಪಿಗೆ ನೀನು ಹಾಕಿದ ಸಂದೇಶವನ್ನು ಬೆಳಗಿನ ಕಾಫಿಯ ಹೊತ್ತಿನಲ್ಲಿ ಓದಿದೆ. ಹೊಸದಾಗಿ ಹಾಕಿಸಿದ ಗ್ಯಾಸ್ ಫೈರ್‌ಪ್ಲೇಸನ್ನು ನಿನ್ನೆ ಸಂಜೆ ಮೊದಲ ಸಲ ಹೊತ್ತಿಸಿದಾಗ ಬಣ್ಣ ಸುಟ್ಟಂತಹ ವಾಸನೆ ಬಂದು ಕಣ್ಣು ಉರಿಯಿತು, ಅಳಿಯಂದಿರು ಏನೂ ಆಗುವುದಿಲ್ಲ ಎನ್ನುತ್ತಿದ್ದಾರೆ, ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ಇದನ್ನು ಉರಿಸಬಹುದೇ ಎಂದು ಕೇಳಿದ್ದೀಯ. ಇಷ್ಟುದ್ದದ ಉತ್ತರವನ್ನು ಬೆರಳಲ್ಲಿ ಒತ್ತಿ ಬರೆಯಲು ನನ್ನಿಂದಾಗದು, ಮಾತಿನಲ್ಲೇ ಹೇಳುತ್ತೇನೆ. ಉದ್ದವಾಯಿತೆಂದು ಯಾರೂ ವೇಗ ಹೆಚ್ಚಿಸಿಕೊಂಡು ಕೇಳಬೇಡಿ, ನನ್ನ ಧ್ವನಿ ಕೀರಲಾಗಿ ಕೇಳಿಸುತ್ತದೆ ಎಂದು ನಿನ್ನ ದೊಡ್ಡಮ್ಮ ಹೇಳಿದ್ದಾಳೆ.

ಮಿನಿಯಾಪೊಲಿಸ್ ಪಕ್ಕದ ಈಡನ್ ಪ್ರೇರಿಯ ನಮ್ಮ ಹಳೆಯ ಮನೆಯನ್ನು ನೀವೆಲ್ಲರೂ ಕಂಡವರೇ. ಕೆಳಗಿನ ಹಜಾರದಲ್ಲಿ ಅಜ್ಜಿ ಹೂಬತ್ತಿ ಹೊಸೆಯುತ್ತ ಕುಳಿತಿರುವ ಫೋಟೊ ಇದೆಯಲ್ಲ, ಅವರ ಬೆನ್ನ ಹಿಂದೆ ಕಾಣುವುದೇ ಆ ಫೈರ್‌ಪ್ಲೇಸ್. ನಿನ್ನದರಂತೆ ಅದೂ ಡೈರೆಕ್ಟ್ ವೆಂಟ್ ಮಾದರಿಯದು. ಎದುರಿಗೆ ಬಿಗಿಯಾಗಿ ಮುಚ್ಚಿದ ಗಾಜು, ಗೋಡೆ ದಾಟಿ ಹೋಗುವ ಒಂದರೊಳಗೊಂದು ಎರಡು ಕೊಳವೆ. ಒಳಗಿನದು ಉರಿದ ಅನಿಲವನ್ನು ಹೊರಕ್ಕೆ ಒಯ್ಯುತ್ತದೆ, ಹೊರಗಿನದು ಉರಿಗೆ ಬೇಕಾದ ಗಾಳಿಯನ್ನು ಒಳಕ್ಕೆ ತರುತ್ತದೆ. ಅಜ್ಜಿ ಬಂದ ದಿನವೇ ‘ಇದರ ಹೊಗೆ ಎಲ್ಲಿಗೆ ಹೋಗುತ್ತದೋ?’ ಎಂದು ಕೇಳಿದ್ದರು. ತೀರ್ಥಹಳ್ಳಿಯ ಮನೆಯಲ್ಲಿ ಬಚ್ಚಲ ಒಲೆಗೆ ಸೌದೆ ಒಟ್ಟಿ ಕಣ್ಣು ಕೆಂಪು ಮಾಡಿಕೊಂಡ ಹೆಂಗಸಿಗೆ ಸಹಜವಾಗಿ ಬರಬೇಕಾದ ಪ್ರಶ್ನೆಯದು. ನಾನು ರಿಮೋಟ್ ತೋರಿಸಿ ನಕ್ಕುಬಿಟ್ಟೆ.

ಅದು 2010ರ ಡಿಸೆಂಬರ್ 11, ಶನಿವಾರ. ಹಿಂದಿನ ರಾತ್ರಿಯಿಂದ ಸುರಿದ ಹಿಮ ಮಿನಿಯಾಪೊಲಿಸ್‌ನಲ್ಲಿ 17 ಅಂಗುಲ ಮುಟ್ಟಿತ್ತು. ಮರುದಿನ ಬೆಳಗಾಗುವಷ್ಟರಲ್ಲಿ ಮೆಟ್ರೋಡೋಮ್ ಕ್ರೀಡಾಂಗಣದ ಛಾವಣಿ ಆ ಭಾರಕ್ಕೆ ಹರಿದು ಕುಸಿದದ್ದನ್ನು ನೀವೂ ಟಿವಿಯಲ್ಲಿ ನೋಡಿರಬೇಕು. ಅದಕ್ಕೆ ಹದಿನೈದು ದಿನ ಮೊದಲು, ಗಾಜಿಗೆ ಹಿಡಿದ ಬಿಳಿ ಮಸುಕನ್ನು ಒರೆಸಲೆಂದು ನಾನೇ ಅದರ ಚೌಕಟ್ಟನ್ನು ಬಿಚ್ಚಿದ್ದೆ. ಮತ್ತೆ ಕೂರಿಸುವಾಗ ಕೆಳಗಿನ ಕೊಂಡಿಗಳಲ್ಲಿ ಒಂದು ಸರಿಯಾಗಿ ಬಿಗಿಯಾಗಲಿಲ್ಲ. ಗಾಜು ನಿಂತಿದೆಯಲ್ಲ, ಸಾಕು ಎಂದುಕೊಂಡೆ.

ಸಂಜೆ ಏಳರ ಸುಮಾರಿಗೆ ಉರಿ ತಾನಾಗಿಯೇ ಆರಿತು. ರಿಮೋಟ್ ಒತ್ತಿ ಹೊತ್ತಿಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಆರಿತು, ಮತ್ತೆ ಹೊತ್ತಿಸಿದೆ. ಹೀಗೆ ಮೂರು ಸಲ ಆ ಯಂತ್ರ ಬೇಡ ಬೇಡ ಎಂದರೂ ನಾನು ಬಿಡಲಿಲ್ಲ. ನಿನ್ನ ದೊಡ್ಡಮ್ಮ ತಲೆ ಸಿಡಿಯುತ್ತಿದೆ ಎಂದಳು. ಹಿಮ ಎತ್ತಿ ಎತ್ತಿ ಸುಸ್ತಾಗಿದೆ ಎಂದೆ. ಅಜ್ಜಿ ಹೊಟ್ಟೆ ತೊಳಸುತ್ತದೆ ಎಂದು ತಟ್ಟೆ ಬಿಟ್ಟು ಎದ್ದರು. ಮಧ್ಯಾಹ್ನ ತಿಂದ ಹಲಸಿನ ಹಪ್ಪಳದ ಎಣ್ಣೆ ಎಂದೆ. ಒಬ್ಬೊಬ್ಬರ ಸಂಕಟಕ್ಕೂ ನನ್ನ ಬಳಿ ಒಂದೊಂದು ಕಾರಣ ಸಿದ್ಧವಾಗಿತ್ತು. ಅಷ್ಟರಲ್ಲಿ ಮೆಟ್ಟಿಲ ಬಳಿಯ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಪತ್ತೆಹಚ್ಚುವ ಅಲಾರಂ ಕೂಗತೊಡಗಿತು. ಆಗಷ್ಟೇ ಮಲಗಿದ ಅಜ್ಜಿಗೆ ಎಚ್ಚರವಾದೀತೆಂದು ಕುರ್ಚಿ ಹತ್ತಿ, ಬ್ಯಾಟರಿ ಕಿತ್ತು, ಜೇಬಿಗೆ ಹಾಕಿಕೊಂಡೆ.

ಮನೆಯವರನ್ನು ಉಳಿಸಿದವಳು ನಿನ್ನ ದೊಡ್ಡಮ್ಮ. ‘ಬ್ಯಾಟರಿ ಮುಗಿದಿದ್ದರೆ ಆಗೊಮ್ಮೆ ಈಗೊಮ್ಮೆ ಕೀಚ್ ಎನ್ನಬೇಕಿತ್ತು, ಇದು ನಾಲ್ಕು ನಾಲ್ಕು ಸಲ ಕೂಗಿತಲ್ಲ’ ಎಂದು ಅಲಾರಂ ಅನ್ನು ತಿರುಗಿಸಿ ಹಿಂದೆ ಅಚ್ಚಾದದ್ದನ್ನು ಓದಿದಳು: ನಾಲ್ಕು ಸಲ ಕೂಗಿದರೆ ಮನೆಯಲ್ಲಿ ವಿಷಾನಿಲವಿದೆ ಎಂದರ್ಥ. ನನ್ನ ಜೇಬಿಗೆ ಕೈಹಾಕಿ ಬ್ಯಾಟರಿ ತೆಗೆದು ಮತ್ತೆ ಹಾಕಿದಳು. ಅದು ಮತ್ತೆ ನಾಲ್ಕು ಸಲ ಕೂಗಿತು. ಅಜ್ಜಿಗೆ ಸೀರೆಯ ಮೇಲೆಯೇ ನನ್ನ ಜಾಕೆಟ್ ತೊಡಿಸಿ, ಮೊಣಕಾಲುದ್ದದ ಹಿಮದಲ್ಲಿ ನಡೆಸಿಕೊಂಡು ಪಕ್ಕದ ಮನೆ ಸೇರಿ, ಅಲ್ಲಿಂದ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿದೆವು. ಅಗ್ನಿಶಾಮಕ ದಳದವರು ಮೀಟರ್ ಹಿಡಿದು ಮನೆಯನ್ನೆಲ್ಲ ಅಳೆದು, ಕೊನೆಗೆ ನನ್ನನ್ನು ಡೆಕ್‌ನ ಮೂಲೆಗೆ ಕರೆದೊಯ್ದು ಟಾರ್ಚ್ ಬಿಟ್ಟರು. ಕೊಳವೆಯ ಬಾಯಿ ಹಿಮದಡಿ ಹೂತಿತ್ತು. ಅದರ ಬಿಸಿಗೆ ಸುತ್ತಲಿನ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ, ಗಾಜಿನ ಬಟ್ಟಲು ಕವುಚಿ ಹಾಕಿದಂತೆ ಕೂತಿತ್ತು. ಹೊರಹೋಗಲು ದಾರಿಯಿಲ್ಲದ ಅನಿಲ ನಾನು ಸಡಿಲ ಬಿಟ್ಟ ಕೊಂಡಿಯ ಸಂದಿನಿಂದ ಹಜಾರಕ್ಕೆ ಬಂದಿತ್ತು.

ಆದ್ದರಿಂದ ಹೇಳುತ್ತೇನೆ, ಪುಟ್ಟಿ: ಅಲಾರಂ ಕೂಗಿದರೆ ಬ್ಯಾಟರಿ ಕೀಳಬೇಡ, ಮಗುವನ್ನು ಎತ್ತಿಕೊಂಡು ಮೊದಲು ಹೊರಗೆ ಹೋಗು. ಬಚ್ಚಲ ಒಲೆಯ ಹೊಗೆ ಕೆಮ್ಮಿಸಿ, ಕಣ್ಣೀರು ಹಾಕಿಸಿ, ತಾನೇ ನಮ್ಮನ್ನು ಎಬ್ಬಿಸಿ ಆಚೆ ಕಳಿಸುತ್ತಿತ್ತು. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೊಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಜ್ವರವಿಲ್ಲದ ಫ್ಲೂ ಬಂದಂತೆ ತಲೆನೋವು, ವಾಕರಿಕೆ, ಸುಸ್ತು ಬರುತ್ತದೆ, ಹೊರಗೆ ಹೋದರೆ ಕಡಿಮೆಯಾಗುತ್ತದೆ. ಮೈಸೂರಿನಲ್ಲಿರುವ ನನ್ನ ತಮ್ಮ ಇದನ್ನು ಅಮೆರಿಕದ ಮಾತು ಎಂದುಕೊಳ್ಳದಿರಲಿ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿದಾಗ ತುಂಬಿಕೊಳ್ಳುವುದೂ ಇದೇ ಅನಿಲ.

ತಪ್ಪು ನನ್ನೊಬ್ಬನದೇ ಆಗಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಗಾಳಿ ಹಿಮವನ್ನು ತಂದು ಒಟ್ಟುವ ಆ ಮೂಲೆಯಲ್ಲೇ, ಅಷ್ಟು ತಗ್ಗಿನಲ್ಲಿ, ಕೊಳವೆಯ ಬಾಯಿ ಇಟ್ಟವನು ಕೆಲಸಕ್ಕೆ ನಗರದ ಪರ್ಮಿಟ್ ಕೂಡ ತೆಗೆದಿರಲಿಲ್ಲ. ನಾನು ಮೂರು ಸಲ ಫೋನ್ ಮಾಡಿದರೆ, ಹಿಮ ಬೀಳುವುದು ನನ್ನ ಕೈಯಲ್ಲಿಲ್ಲ ಎಂದ. ಅವನು ಅಗ್ಗಕ್ಕೆ ಮಾಡಿಕೊಡುತ್ತಾನೆ, ಪರ್ಮಿಟ್‌ನ ರಗಳೆ ಇರುವುದಿಲ್ಲ ಎಂದು ನನಗೆ ಹೇಳಿದವರು ಯಾರೆಂದು ನಾನು ಬಾಯಿಬಿಡುವುದಿಲ್ಲ. ಈ ಗುಂಪಿನಲ್ಲೇ ಇದ್ದಾರೆ, ಕೇಳಿಸಿಕೊಳ್ಳುತ್ತಿದ್ದಾರೆ. ಕೊಳವೆಯನ್ನು ಮೇಲಕ್ಕೆ ಮಾಡಿಸಲು ಮೊದಲಿಗಿಂತ ಹೆಚ್ಚು ಹಣ ತೆತ್ತವನು ನಾನು, ಮರುವರ್ಷದ ಯುಗಾದಿ ಕೂಟದಲ್ಲಿ ‘ಬ್ಯಾಟರಿ ಭಾವ’ ಎಂದು ಹೆಸರಿಟ್ಟು ನಕ್ಕವರು ಅವರೇ. ಹೋಗಲಿ, ಕಳೆದ ಅಕ್ಟೋಬರ್‌ನಲ್ಲಿ ಎಲ್ಲರೂ ವರ್ಷಕ್ಕೊಮ್ಮೆ ಫೈರ್‌ಪ್ಲೇಸ್ ಮತ್ತು ಕೊಳವೆಯನ್ನು ತಪಾಸಣೆ ಮಾಡಿಸಿ ಎಂದು ಇಲ್ಲಿ ಬರೆದೆ. ಎರಡು ಹೆಬ್ಬೆಟ್ಟು ಬಂದವು, ಅದರಲ್ಲಿ ಒಂದು ನಿನ್ನ ದೊಡ್ಡಮ್ಮನದು. ಇನ್ನೊಮ್ಮೆ ಹೇಳುತ್ತೇನೆ, ನಗುವವರು ನಗಲಿ: ಅಲಾರಂ ಕೂಗಿದರೆ ಬ್ಯಾಟರಿ ಕೀಳಬಾರದು, ಹೊರಗೆ ಹೋಗಬೇಕು.

ಅಯ್ಯೋ, ನೀನು ಕೇಳಿದ್ದು ವಾಸನೆಯ ವಿಷಯ. ಹೊಸ ಫೈರ್‌ಪ್ಲೇಸನ್ನು ಮೊದಲ ಸಲ ಉರಿಸಿದಾಗ ಅದರ ಬಣ್ಣ ಮತ್ತು ಕಾರ್ಖಾನೆಯ ಎಣ್ಣೆಯಂಶ ಕಾದು ಅಂತಹ ವಾಸನೆ ಬರುವುದು ಸಹಜ. ಅಷ್ಟರಮಟ್ಟಿಗೆ ಅಳಿಯಂದಿರ ಮಾತು ಸರಿ. ಕಿಟಕಿಗಳನ್ನು ತೆರೆದು, ಮಗುವನ್ನು ಬೇರೆ ಕೋಣೆಯಲ್ಲಿಟ್ಟು, ಜೊತೆಗೆ ಬಂದ ಪುಸ್ತಕದಲ್ಲಿ ಹೇಳಿದಷ್ಟು ಗಂಟೆ ದೊಡ್ಡ ಉರಿಯಲ್ಲಿ ಉರಿಸಿದರೆ ಅದು ಹೋಗುತ್ತದೆ. ಆಮೇಲೂ ಹೋಗದಿದ್ದರೆ, ಅಥವಾ ಗಾಜಿಗೆ ಕರಿ ಮಸಿ ಹಿಡಿಯತೊಡಗಿದರೆ, ಉರಿ ಆರಿಸಿ, ಅದನ್ನು ಕೂರಿಸಿದವರನ್ನೇ ಕರೆಸು. ಕೊಳೆತ ಮೊಟ್ಟೆಯ ವಾಸನೆಯಾದರೆ ಅದು ಗ್ಯಾಸ್ ಸೋರಿಕೆ. ಸ್ವಿಚ್ ಮುಟ್ಟದೆ ಎಲ್ಲರೂ ಹೊರಗೆ ಹೋಗಿ, ಅಲ್ಲಿಂದ ಕರೆ ಮಾಡಿ. ಗಾಜಿನ ಮುಂದೆ ಜಾಲರಿ ಹಾಕಿದ್ದಾರೆಯೇ ನೋಡು, 2015ರಿಂದ ಹೊಸ ಫೈರ್‌ಪ್ಲೇಸ್‌ಗಳ ಜೊತೆ ಅದನ್ನು ಕೊಟ್ಟೇ ಕೊಡುತ್ತಾರೆ. ಆರಿಸಿದ ಮೇಲೂ ಗಾಜು ಬಹಳ ಹೊತ್ತು ಕಾದಿರುತ್ತದೆ, ನಿನ್ನ ಮಗು ಎಲ್ಲಕ್ಕೂ ಅಂಗೈ ಒತ್ತುವ ವಯಸ್ಸಿನಲ್ಲಿದೆ. ನಮ್ಮ ಮಿನ್ನೆಸೋಟದ ಕಾನೂನಿನಂತೆ ಮಲಗುವ ಪ್ರತಿ ಕೋಣೆಯಿಂದ 10 ಅಡಿಯೊಳಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಬೇಕು; ಅದರ ಬೆನ್ನಿಗೆ ಅಚ್ಚಾದ ತಾರೀಖನ್ನೂ ಓದು, ಅದಕ್ಕೂ ಆಯುಷ್ಯವಿದೆ. ನಗರದ ಇನ್‌ಸ್ಪೆಕ್ಟರ್ ಬಂದು ನೋಡಿ ಒಪ್ಪುವವರೆಗೆ ಗುತ್ತಿಗೆದಾರನಿಗೆ ಬಾಕಿ ಹಣ ಕೊಡಬೇಡಿ, ಅವನು ಹೋಗುವ ಮೊದಲು ಗ್ಯಾಸ್ ನಿಲ್ಲಿಸುವ ಕವಾಟ ಎಲ್ಲಿದೆ ಎಂದು ಅಳಿಯಂದಿರೂ ನೀನೂ ಇಬ್ಬರೂ ತಿರುಗಿಸಿ ನೋಡಿಕೊಳ್ಳಿ.

ಇವತ್ತು ಬೆಳಕಿರುವಾಗಲೇ ಹೊರಗೆ ಹೋಗಿ ಕೊಳವೆಯ ಬಾಯಿಯ ಫೋಟೊ ತೆಗೆದು ಕಳಿಸು, ಪಕ್ಕದಲ್ಲಿ ಅಳಿಯಂದಿರನ್ನು ನಿಲ್ಲಿಸಿ ತೆಗೆ. ಅದು ಅವರ ಮೊಣಕಾಲಿನ ಮಟ್ಟದಲ್ಲಿದೆಯೋ ಎದೆಯ ಮಟ್ಟದಲ್ಲಿದೆಯೋ ನನಗೆ ಕಾಣಬೇಕು.