ಗ್ಯಾರೇಜಿನಲ್ಲಿ ಹಳೇ ಕಾನ್ ಆಲ್ಟೋ ಸ್ಯಾಕ್ಸೋಫೋನ್ ಸಿಕ್ಕಿದೆ, ಮಾವನಿಗೆ ತರಬಹುದಾ?

ಬಂಟ್ವಾಳದವ:

ಎಲ್ಲರಿಗೂ ನಮಸ್ಕಾರ. ಊರು ಬಂಟ್ವಾಳದ ಹತ್ತಿರ, ಈಗ ಕೆಲಸದ ಮೇಲೆ ಅಮೆರಿಕದ ಇಂಡಿಯಾನಾದ ಸೌತ್ ಬೆಂಡ್‌ನಲ್ಲಿದ್ದೇನೆ. ಮೊನ್ನೆ ಶನಿವಾರ ಪಕ್ಕದ ಬೀದಿಯಲ್ಲಿ ಒಬ್ಬರು ಗ್ಯಾರೇಜಿನ ಹಳೇ ಸಾಮಾನು ಮಾರುತ್ತಿದ್ದರು. ಹುಲ್ಲು ಕತ್ತರಿಸುವ ಮೆಷಿನ್ ಪಕ್ಕ ಒಂದು ಕಪ್ಪು ಪೆಟ್ಟಿಗೆ. ತೆರೆದರೆ ಆಲ್ಟೋ ಸ್ಯಾಕ್ಸೋಫೋನ್! ಬೆಳ್ಳಿ ಲೇಪದ್ದು, ಕಪ್ಪಾಗಿದೆ. ಬೆಲ್ಲಿನ (ಅಗಲ ಬಾಯಿಯ) ಒಳಗೆ ಮಾತ್ರ ಬಂಗಾರದ ಬಣ್ಣ ಇನ್ನೂ ಉಳಿದಿದೆ. ಮೇಲೆ ಮಾಡಿದ ಕಂಪನಿಯ ಹೆಸರು, ಊರು, ಸಿ. ಜಿ. ಕಾನ್, ಎಲ್ಕಾರ್ಟ್ ಅಂತ ಕೆತ್ತಿದ್ದಾರೆ. ಎಲ್ಕಾರ್ಟ್ ಇಲ್ಲಿಂದ ಕಾರಲ್ಲಿ ಅರ್ಧ ಗಂಟೆ. ಹಿಂಭಾಗದಲ್ಲಿ ಪೇಟೆಂಟ್, ಡಿಸೆಂಬರ್ 8, 1914 ಅಂತ ಇದೆ. ಅದರ ಕೆಳಗೆ ಇನ್ನೇನೋ ನಂಬರು.

275 ಡಾಲರ್ ಹೇಳುತ್ತಿದ್ದಾರೆ. ಮುಂದಿನ ಶನಿವಾರದವರೆಗೆ ಬೇರೆಯವರಿಗೆ ಕೊಡುವುದಿಲ್ಲ ಅಂದಿದ್ದಾರೆ.

ನನ್ನ ಸೋದರಮಾವ ಊರಲ್ಲಿ ವಾದ್ಯದವರು. ಮದುವೆ, ಜಾತ್ರೆ, ನೇಮ ಎಲ್ಲದಕ್ಕೂ ಹೋಗುತ್ತಾರೆ. ಅವರ ಕೈಯಲ್ಲಿರುವುದು ಮೀರತ್‌ನಲ್ಲಿ ಮಾಡಿದ ಸ್ಯಾಕ್ಸ್. ಮೂರು ಕಡೆ ಸ್ಪ್ರಿಂಗ್ ಹೋಗಿ ರಬ್ಬರ್ ಬ್ಯಾಂಡ್ ಹಾಕಿಕೊಂಡು ನಡೆಸುತ್ತಿದ್ದಾರೆ. ಡಿಸೆಂಬರ್‌ಗೆ ಊರಿಗೆ ಹೋಗುವಾಗ ಇದನ್ನು ಒಯ್ದು ಕೊಟ್ಟರೆ ಹೇಗೆ ಅಂತ ಆಸೆ. ಇದು ನಿಜವಾಗಿ 1914ರದ್ದಾ? ಬೆಲೆ ಸರಿ ಇದೆಯಾ? ನನಗೆ ಊದಲು ಬರುವುದಿಲ್ಲ. ಸುಮ್ನೆ ನೋಡಿ ಏನು ಗೊತ್ತಾಗುತ್ತದೆ?

ಬಸವನಗುಡಿ ಟೆನರ್:

ಬೇಡ ಬಿಡಿ. ಹಳೇ ಸ್ಯಾಕ್ಸ್ ಅಂದರೆ ಸೆಲ್ಮರ್ ಮಾರ್ಕ್ 6, ಅಷ್ಟೇ. ಪ್ಯಾರಿಸ್‌ನ ಸೆಲ್ಮರ್ ಇದನ್ನು 1954ರಲ್ಲಿ ತಂದರು, 1970ರ ದಶಕದ ಮಧ್ಯದವರೆಗೆ ಮಾಡಿದರು. ಅದರಲ್ಲೂ ಐದು ಅಂಕಿಯ ನಂಬರಿನದ್ದು, ಅಂದರೆ ಒಂದು ಲಕ್ಷದ ಒಳಗಿನದ್ದು ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ. 1920ರ ಆಸುಪಾಸಿನ ಅಮೆರಿಕನ್ ಸ್ಯಾಕ್ಸ್‌ಗಳಲ್ಲಿ ಎಡಗೈ ಕಿರುಬೆರಳಿನ ಕೀಗಳು ಟೈಪ್‌ರೈಟರ್ ಒತ್ತಿದ ಹಾಗೆ. ಬೆರಳು ಸೋತು ಹೋಗುತ್ತದೆ. ಗೋಡೆಗೆ ನೇತು ಹಾಕಲು ಚೆನ್ನಾಗಿರುತ್ತದೆ, ಅಷ್ಟೇ.

ಪುತ್ತೂರು ವಾದ್ಯ:

ಬಂಟ್ವಾಳದವರೇ, ಮೊದಲು ಒಂದು ಕೆಲಸ ಮಾಡಿ. ಆ ನಂಬರಿನ ಕೆಳಗೆ ಒಂದೇ ಒಂದು ಅಕ್ಷರ ಉಂಟಾ ನೋಡಿ. ಕಪ್ಪಾಗಿದ್ದರೆ ಬಟ್ಟೆಯಲ್ಲಿ ಮೆಲ್ಲ ಉಜ್ಜಿ. ಎಲ್ ಉಂಟಾ, ಎಚ್ ಉಂಟಾ? ಅದು ಗೊತ್ತಾಗದೆ ಒಂದು ಡಾಲರ್ ಕೊಡಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

1914 ಅನ್ನುವುದು ಮಾಡಿದ ವರ್ಷ ಅಲ್ಲ. ಎಲ್ಲರೂ ಅಲ್ಲೇ ಎಡವುತ್ತಾರೆ. ಕೊಳವೆಯ ತೂತಿಗೆ ಬೇರೆ ಬಳೆ ಬೆಸುಗೆ ಹಾಕುವ ಬದಲು, ಕೊಳವೆಯ ಹಿತ್ತಾಳೆಯನ್ನೇ ಎಳೆದು ಅಂಚು ಎಬ್ಬಿಸುವ ವಿಧಾನ ಒಂದುಂಟು. ಆ ಪೇಟೆಂಟಿನ ತಾರೀಕು ಅದು. ಕಾನ್‌ನವರು ಎಷ್ಟೋ ವರ್ಷ ಅದನ್ನೇ ಒತ್ತುತ್ತಾ ಹೋದರು. ವರ್ಷ ತಿಳಿಯಬೇಕಾದರೆ ಸೀರಿಯಲ್ ನಂಬರ್ ಬೇಕು. ಒಂದೂವರೆ ಲಕ್ಷದ ಹತ್ತಿರ ಇದ್ದರೆ 1920ರ ದಶಕದ ಮಧ್ಯದ್ದು. ಅರವತ್ತು ಸಾವಿರದ ಆಚೀಚೆ ಇದ್ದರೆ 1920ರ ಹೊತ್ತಿನದ್ದು.

ಈಗ ನೋಡುವ ವಿಷಯ. ಹೊಳಪು ನೋಡಬೇಡಿ. ಕಪ್ಪಾದ ಬೆಳ್ಳಿ ಒಳ್ಳೆಯ ಲಕ್ಷಣ ಮಾರಾಯ್ರೆ, ಯಾರೂ ಮೆಷಿನ್‌ಗೆ ಕೊಟ್ಟು ಉಜ್ಜಿಲ್ಲ ಅಂತ ಅರ್ಥ. ಕೆತ್ತನೆಯ ಗೆರೆ ಮೇಲೆ ಉಗುರು ಎಳೆಯಿರಿ, ಗೆರೆ ಉಗುರಿಗೆ ಸಿಗಬೇಕು. ಸಿಗದೆ ನುಣ್ಣಗೆ ಜಾರಿದರೆ ಹಿತ್ತಾಳೆ ಸವೆದಿದೆ. ಆಮೇಲೆ ನೆಕ್, ಅಂದರೆ ಮೌತ್‌ಪೀಸ್ ಸಿಕ್ಕಿಸುವ ಬಾಗಿದ ಮೇಲಿನ ಕೊಳವೆ, ತೆಗೆದು ಬದಿಯಿಂದ ನೋಡಿ. ಮೌತ್‌ಪೀಸ್ ಹಾಕುವಾಗ ಕೆಳಗೆ ಒತ್ತಿ ಒತ್ತಿ ಎಷ್ಟೋ ನೆಕ್‌ಗಳು ಬಗ್ಗಿರುತ್ತವೆ. ಬಗ್ಗಿದ್ದರೆ ಅಡಿಯಲ್ಲಿ ಸುಕ್ಕು ಕಾಣುತ್ತದೆ, ಕೊಳವೆಯ ದುಂಡು ಹೋಗಿ ಮೊಟ್ಟೆಯಾಕಾರ ಆಗಿರುತ್ತದೆ. ಬೆಲ್ಲಿನಲ್ಲಿ ಸಣ್ಣ ಗುಳಿ ಇದ್ದರೆ ತಲೆಬಿಸಿ ಬೇಡ. ನೆಕ್‌ನಲ್ಲಿ ಇದ್ದರೆ ಬೇಡ.

ಕೀಗಳನ್ನು ಒತ್ತಬೇಡಿ, ಬೆರಳಲ್ಲಿ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ. ಟಕ ಟಕ ಅಂದರೆ ಸರಳು ಸವೆದಿದೆ. ಪ್ಯಾಡ್, ಅಂದರೆ ಕೀ ಅಡಿಯಲ್ಲಿ ತೂತು ಮುಚ್ಚುವ ಮೆತ್ತೆ, ಸೋರುತ್ತದಾ ಅಂತ ನೋಡಲು ಸಣ್ಣ ಎಲ್‌ಇಡಿ ಸರವನ್ನು ಕೊಳವೆಯೊಳಗೆ ಇಳಿಸಿ, ಕೋಣೆ ಕತ್ತಲೆ ಮಾಡಿ, ಕೀ ಮೆತ್ತಗೆ ಮುಚ್ಚಿ. ಬೆಳಕು ಇಣುಕಿದ ಕಡೆ ಗಾಳಿಯೂ ಇಣುಕುತ್ತದೆ. ನೀವು ಹೇಳಿದ ಸ್ಯಾಕ್ಸ್‌ನಲ್ಲಿ ಎಲ್ಲ ಪ್ಯಾಡ್ ಹೋಗಿರುತ್ತದೆ, ಅದು ಬಿಡಿ. ಇಪ್ಪತ್ತೈದರ ಹತ್ತಿರ ಪ್ಯಾಡ್ ಬದಲಿಸಬೇಕು. ಅಲ್ಲಿ ಮಾಡಿಸಿದರೆ ಐನೂರು ಡಾಲರ್ ದಾಟುತ್ತದೆ. 275 ಅನ್ನುವುದನ್ನು ಅದರ ಜೊತೆ ಕೂಡಿಸಿ ನೋಡಿ.

ಬಸವನಗುಡಿಯವರೇ, ಮಾರ್ಕ್ 6 ಒಳ್ಳೆಯದೇ, ಬೆರಳಿಗೆ ಬೆಣ್ಣೆ. ಎರಡು ರಿಪೇರಿ ಮಾಡಿದ್ದೇನೆ, ವಾಪಸ್ ಕೊಡಲು ಮನಸ್ಸಾಗಲಿಲ್ಲ. ಆದರೆ ಅವೆರಡರಲ್ಲಿ ಆರು ಅಂಕಿಯದ್ದೇ ನನಗೆ ಚಂದ ಕೇಳಿಸಿತು. ಮತ್ತೆ ಜ್ಯಾಸ್‌ನ ದೊಡ್ಡ ಸ್ಯಾಕ್ಸ್ ವಾದಕ ಚಾರ್ಲಿ ಪಾರ್ಕರ್ 1953ರಲ್ಲಿ ಟೊರಾಂಟೊದ ಮ್ಯಾಸಿ ಹಾಲ್‌ನಲ್ಲಿ ಊದಿದ್ದು ಗ್ರಾಫ್ಟನ್ ಅನ್ನುವ ಪ್ಲಾಸ್ಟಿಕ್ ಸ್ಯಾಕ್ಸ್, ನಿಮಗೆ ಗೊತ್ತೇ ಉಂಟು.

ಬಸವನಗುಡಿ ಟೆನರ್:

ಪಾರ್ಕರ್ ಕೈಗೆ ಪಪ್ಪಾಯಿ ದಂಟು ಕೊಟ್ಟರೂ ಊದುತ್ತಿದ್ದರು ಸರ್. ನಾವು ನೀವು ಪಾರ್ಕರ್ ಅಲ್ವಲ್ಲ.

ಬಂಟ್ವಾಳದವ:

ಪುತ್ತೂರಿನವರಿಗೆ ಬಹಳ ಥ್ಯಾಂಕ್ಸ್. ನಿನ್ನೆ ಸಂಜೆ ಮತ್ತೆ ಹೋಗಿದ್ದೆ. ನಂಬರ್ ಅರವತ್ತು ಸಾವಿರದ ಮೇಲೆ ಸ್ವಲ್ಪ. ಕೆಳಗಿನ ಅಕ್ಷರ ಎಚ್. ಕೆತ್ತನೆ ಉಗುರಿಗೆ ಚೆನ್ನಾಗಿ ಸಿಗುತ್ತದೆ, ನೆಕ್ ನೆಟ್ಟಗಿದೆ. ಎಚ್ ಅಂದರೆ ಏನು? ಒಳ್ಳೆಯದಾ?

ಪುತ್ತೂರು ವಾದ್ಯ:

ಅಯ್ಯೋ. ಎಚ್ ಬೇಡ ಮಾರಾಯ್ರೆ, ಮಾವನಿಗಂತೂ ಬೇಡ.

ನೂರು ವರ್ಷದ ಹಿಂದೆ ಶ್ರುತಿ ಎಲ್ಲ ಕಡೆ ಒಂದೇ ಇರಲಿಲ್ಲ. ಕೆಲವು ಬ್ಯಾಂಡ್‌ಗಳು 'ಎ' ಸ್ವರವನ್ನು ಸೆಕೆಂಡಿಗೆ 440 ಕಂಪನಕ್ಕೆ ಇಡುತ್ತಿದ್ದವು, ಕೆಲವು 457ಕ್ಕೆ. ಅದಕ್ಕೆ ಕಾರ್ಖಾನೆಗಳು ಎರಡು ಬಗೆಯ ಸ್ಯಾಕ್ಸ್ ಮಾಡುತ್ತಿದ್ದವು. ಎಲ್ ಅಂದರೆ ತಗ್ಗು, 440. ಎಚ್ ಅಂದರೆ ಎತ್ತರ, 457. ಆಮೇಲೆ ಲೋಕವೆಲ್ಲ 440ರ ಕಡೆ ಹೋಯಿತು, ಎಚ್ ಅನಾಥವಾಯಿತು. ಅದರ ಕೊಳವೆಯೇ ಒಂದಿಷ್ಟು ಗಿಡ್ಡ, ತೂತುಗಳೂ ಹತ್ತಿರ ಹತ್ತಿರ. ಒಂದೇ ನೋಡಿದರೆ ಗೊತ್ತಾಗುವುದಿಲ್ಲ, ಎರಡನ್ನು ಅಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ.

ನನಗೆ ಹೇಗೆ ಗೊತ್ತು ಅಂದರೆ, ನಾನೇ ಪೆಟ್ಟು ತಿಂದವನು. 1996ರಲ್ಲಿ ಮುಂಬಯಿಯ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಇಂಥದ್ದೇ ಬೆಳ್ಳಿ ಆಲ್ಟೋ ತಗೊಂಡೆ, ಒಂಬತ್ತು ಸಾವಿರಕ್ಕೆ. ಅಂಗಡಿಯಲ್ಲಿ ಒಬ್ಬನೇ ಊದಿ ನೋಡಿದೆ. ಕೆಳಗಿನ ಸ್ವರ ಎಷ್ಟು ದಪ್ಪ, ಎಷ್ಟು ಮೆತ್ತಗೆ! ಪ್ಯಾಡ್ ನಾನೇ ಹಾಕಿದೆ. ಮೊದಲ ಕಾರ್ಯಕ್ರಮ ಒಂದು ಮದುವೆ. ನಮ್ಮದು ಜೋಡಿ ಸ್ಯಾಕ್ಸ್, ಎರಡು ಡೋಲು, ತಾಳ, ಶ್ರುತಿಪೆಟ್ಟಿಗೆ. ದಿಬ್ಬಣ ಬಂತು, ಹಂಸಧ್ವನಿ ಶುರು ಮಾಡಿದೆವು. ಇಬ್ಬರೂ ಒಟ್ಟಿಗೆ ಷಡ್ಜ ಹಿಡಿದದ್ದೇ ತಡ, ಗರಗಸದಲ್ಲಿ ತಗಡು ಕೊಯ್ದ ಹಾಗೆ ಕರ್ರ್ ಅಂತ ಸದ್ದು. ಡೋಲಿನವ ನಿಲ್ಲಿಸಿ ನನ್ನ ಮುಖ ನೋಡಿದ.

ಮೌತ್‌ಪೀಸ್ ಹೊರಗೆ ಎಳೆದೆ. ಮತ್ತೂ ಎಳೆದೆ. ಕಾರ್ಕಿನ ತುದಿಯಲ್ಲಿ ಬೀಳುವ ಹಾಗೆ ನಿಂತಿತು. ಎಡಗೈಯ ಸ್ವರಗಳು ಇಳಿದವು, ಬಲಗೈಯ ಸ್ವರಗಳು ಅಷ್ಟು ಇಳಿಯಲಿಲ್ಲ. ಕೊಳವೆ ಗಿಡ್ಡ ಇರುವ ಸ್ವರಕ್ಕೆ ಅರ್ಧ ಇಂಚು ದೊಡ್ಡ ಲೆಕ್ಕ, ಉದ್ದದ ಸ್ವರಕ್ಕೆ ಅದು ಲೆಕ್ಕಕ್ಕೇ ಇಲ್ಲ. ಈಗ ಜೋಡಿಯವನ ಜೊತೆ ಮಾತ್ರ ಅಲ್ಲ, ನನ್ನ ಜೊತೆಗೇ ನನಗೆ ಜಗಳ. ಕೊನೆಗೆ ಅವನು ತನ್ನ ಸ್ಯಾಕ್ಸ್ ನನಗೆ ಕೊಟ್ಟು ತಾಳ ಹಿಡಿದು ಕೂತ. ಮದುಮಗಳ ಅಪ್ಪ ಊಟದ ಹೊತ್ತಿಗೆ ಬಂದು, ಇಬ್ಬರಿಗೆ ಹಣ ಮಾತಾಡಿದ್ದಲ್ವಾ ಅಂತ ಕೇಳಿದರು. ತಲೆ ತಗ್ಗಿಸಿದೆ. ಎಚ್ ಅಕ್ಷರದ ಅರ್ಥ ಹೇಳಿದ್ದು ಆಮೇಲೆ ಮಂಗಳೂರಿನ ಚರ್ಚ್ ಬ್ಯಾಂಡಿನ ಹಿರಿಯರೊಬ್ಬರು. ಸ್ಯಾಕ್ಸ್ ತಿರುಗಿಸಿ ನೋಡಿ ನಕ್ಕರು, ಅಷ್ಟೇ.

ನಂಬಿಕೆ ಬಾರದಿದ್ದರೆ ಊದುವವರು ಯಾರಾದರೂ ಸಿಗುತ್ತಾರಾ ನೋಡಿ. ಅಲ್ಲಿ ಶಾಲೆಗಳಲ್ಲೇ ಬ್ಯಾಂಡ್ ಇರುತ್ತದಲ್ಲ. ಆಲ್ಟೋದಲ್ಲಿ ಎಫ್ ಶಾರ್ಪ್ ಬೆರಳು ಹಿಡಿದರೆ ಹೊರಗೆ ಬರುವುದು ಎ. ಮೊಬೈಲಿನ ಟ್ಯೂನರ್ ಎಷ್ಟು ತೋರಿಸುತ್ತದೆ ನೋಡಿ.

ಕೊಳಲು ಕಲಿಯುವವಳು:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರಿಲ್ಲ ತಾನೆ? ನಮ್ಮ ಸಂಗೀತಕ್ಕೆ 440ರ ಹಂಗು ಯಾಕೆ? ಷಡ್ಜ ಎಲ್ಲಿ ಬೇಕಾದರೂ ಇಡಬಹುದಲ್ವಾ? ಕದ್ರಿ ಗೋಪಾಲನಾಥರು ಒಬ್ಬರೇ ಕೂತು ಕಛೇರಿ ಮಾಡುತ್ತಿದ್ದರಲ್ಲ. ಪಿಟೀಲು, ಮೃದಂಗ ಎರಡನ್ನೂ ಸ್ಯಾಕ್ಸ್‌ಗೆ ಸೇರಿಸಿಕೊಳ್ಳಬಹುದು.

ಪುತ್ತೂರು ವಾದ್ಯ:

ತಂಗಿ, ಸರಿಯಾದ ಮಾತು ಹೇಳಿದಿರಿ. ನನ್ನ ಎಚ್ ಈಗಲೂ ಮನೆಯಲ್ಲುಂಟು, ಮಾರಿಲ್ಲ. ಎಲೆಕ್ಟ್ರಾನಿಕ್ ತಂಬೂರಿಯ ಸಣ್ಣ ತಿರುಪು ತಿರುಗಿಸಿ ಅದಕ್ಕೆ ಸರಿಯಾಗಿ ಶ್ರುತಿ ಇಟ್ಟುಕೊಂಡರೆ ಅದರಷ್ಟು ಶುದ್ಧ ಬೇರೆ ಇಲ್ಲ. ಅದು ಅಪಸ್ವರದ ವಾದ್ಯ ಅಲ್ಲ, ಬೇರೆ ಶ್ರುತಿಯ ವಾದ್ಯ. ಬೆಳಗ್ಗೆ ಒಬ್ಬನೇ ಅದರಲ್ಲೇ ಸಾಧನೆ ಮಾಡುವುದು. ಹಳೇ ಮೌತ್‌ಪೀಸಿನ ಹೊಟ್ಟೆ ದೊಡ್ಡದು, ಆ ಕಾಲದ ಸ್ಯಾಕ್ಸ್‌ಗೆ ಅದೇ ಆಗಬೇಕು. ಈಗಿನ ಸಪೂರ ಮೌತ್‌ಪೀಸ್ ಹಾಕಿ ಕಾನ್‌ಗೆ ಶ್ರುತಿ ಇಲ್ಲ ಅಂತ ಬೈಯುವವರು ಜಾಸ್ತಿ. ದೊಡ್ಡ ಹೊಟ್ಟೆಯದ್ದರಲ್ಲಿ ತುಟಿ ಸಡಿಲ ಬಿಟ್ಟರೆ ಸ್ವರ ಜಾರುತ್ತದೆ, ಬಿಗಿ ಹಿಡಿದರೆ ಏರುತ್ತದೆ. ಜ್ಯಾಸ್‌ನವರಿಗೆ ಅದು ಕಿರಿಕಿರಿ ಇರಬಹುದು. ತೋಡಿ ರಾಗದ ಗಾಂಧಾರ ಹಿಡಿಯುವವನಿಗೆ ಅದೇ ಬೇಕು. ಕದ್ರಿಯವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸ್ ನೋಡಿ ಮರುಳಾದವರು, ನಾಗಸ್ವರದ ಮನೆಯವರು. ಬ್ಯಾಂಡಿನವರು ನೇರ ಊದುವುದನ್ನು ಅವರು ಗಮಕಕ್ಕೆ ಬಗ್ಗಿಸಿದರು.

ಆದರೆ ಬಂಟ್ವಾಳದವರ ಮಾವ ಜೋಡಿಯಲ್ಲಿ ಹೋಗುವವರು ಇರಬೇಕಲ್ಲ? ಜೊತೆಯವನಿಗೂ ಎಚ್ ಬೇಕು, ಇಲ್ಲದಿದ್ದರೆ ನನ್ನ ಕಥೆಯೇ. ಅವರಿಗೆ ಕೊಡುವುದಾದರೆ ಹಳೇ ಯಮಹಾ 23 ಸ್ಯಾಕ್ಸ್ ಹುಡುಕಿ. ಶಾಲಾ ಮಕ್ಕಳ ಮಾಡೆಲ್ ಅಂತ ಮೂಗು ಮುರಿಯುತ್ತಾರೆ, ಅದು ಗಟ್ಟಿ, ಪ್ಯಾಡ್ ಇಲ್ಲೂ ಸಿಗುತ್ತದೆ. ಹಳೇದೇ ಬೇಕು ಅಂತ ಹಟ ಇದ್ದರೆ ಎಲ್ ಇರುವ ಕಾನ್, ಇಲ್ಲವೇ ಬುಶರ್. ಅದೂ ನಿಮ್ಮ ಎಲ್ಕಾರ್ಟಿನದ್ದೇ.

ಬಸವನಗುಡಿ ಟೆನರ್:

ಗಾಂಧಾರದ ಮಾತು ಒಪ್ಪಿದೆ ಸರ್. ನನ್ನ ಮಾರ್ಕ್ 6ರಲ್ಲಿ ಅಷ್ಟು ಜಾರುವುದಿಲ್ಲ. ಕಿರುಬೆರಳಿನ ವಿಷಯ ಮಾತ್ರ ವಾಪಸ್ ತಗೊಳ್ಳಲ್ಲ.

ಬಂಟ್ವಾಳದವ:

ಆಫೀಸಿನ ಗೆಳೆಯನ ಮಗಳು ಎಂಟನೇ ಕ್ಲಾಸು, ಶಾಲೆಯ ಬ್ಯಾಂಡಿನಲ್ಲಿ ಆಲ್ಟೋ ಊದುತ್ತಾಳೆ. ಅವಳನ್ನು ಕರೆದುಕೊಂಡು ಹೋಗಿದ್ದೆ. ತನ್ನದನ್ನೂ ತಂದಿದ್ದಳು. ಎರಡನ್ನೂ ಅವರ ಗ್ಯಾರೇಜಿನ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆವು. ಹಳೇದು ಗಿಡ್ಡ ಇರುವುದು ಕಣ್ಣಿಗೇ ಕಂಡಿತು. ಪ್ಯಾಡ್ ಸೋರುತ್ತಿದ್ದರೂ ಮೇಲಿನ ಮೂರು ನಾಲ್ಕು ಸ್ವರ ಹೊರಟವು. ಟ್ಯೂನರ್ ನೋಡಿ ಆ ಹುಡುಗಿ ಮೊಬೈಲ್ ಕೆಟ್ಟಿದೆ ಅಂದಳು.

ಮಾರುವವರಿಗೆ ಎಚ್ ವಿಷಯ ಹೇಳಿದೆ. ಅವರಿಗೂ ಗೊತ್ತಿರಲಿಲ್ಲ, ಅವರ ಅಜ್ಜನದ್ದಂತೆ. 80 ಡಾಲರ್ ಕೊಟ್ಟು ತಗೊಂಡು ಹೋಗು ಅಂದರು. ತಗೊಂಡೆ. ಬುದ್ಧಿ ಇಲ್ಲ ಅಂತ ಬೈಯಬೇಡಿ. ಮಾವನಿಗೆ ಯಮಹಾ ಹುಡುಕುತ್ತಿದ್ದೇನೆ, ಇದು ನನಗೆ.

ರಾತ್ರಿ ವಿಡಿಯೋ ಕಾಲ್‌ನಲ್ಲಿ ಮಾವನಿಗೆ ತೋರಿಸಿ, ಹುಡುಗಿ ಊದಿದ್ದನ್ನು ರೆಕಾರ್ಡ್ ಮಾಡಿದ್ದೆನಲ್ಲ, ಅದನ್ನು ಕೇಳಿಸಿದೆ. ಮಾವ ತಮ್ಮ ಶ್ರುತಿಪೆಟ್ಟಿಗೆ ತಂದು ಎರಡೂವರೆ ಶ್ರುತಿ ಇಟ್ಟರು. ಆಗಲಿಲ್ಲ. ಮೂರು ಇಟ್ಟರು. ಆಗಲಿಲ್ಲ. "ಇದು ಎರಡೂಮುಕ್ಕಾಲು ಶ್ರುತಿ ಮಾರಾಯ, ಇದಕ್ಕೆ ಪದ್ಯ ಹೇಳುವವರನ್ನು ಎಲ್ಲಿಂದ ತರುವುದು?" ಅಂದರು. ಆಮೇಲೆ ತಿರುಪು ತಿರುಗಿಸಿ ಸರಿ ಮಾಡಿಕೊಂಡು, ಆ ನಾಲ್ಕೇ ಸ್ವರವನ್ನು ಇನ್ನೊಮ್ಮೆ ಹಾಕು, ಇನ್ನೊಮ್ಮೆ ಹಾಕು ಅಂತ ಕೇಳುತ್ತಲೇ ಕೂತರು.

ಪುತ್ತೂರಿನವರೇ, ಡಿಸೆಂಬರ್‌ನಲ್ಲಿ ತಂದರೆ ಪ್ಯಾಡ್ ಹಾಕಿ ಕೊಡುತ್ತೀರಾ?

ಪುತ್ತೂರು ವಾದ್ಯ:

ತನ್ನಿ. ಲಗೇಜಿಗೆ ಹಾಕಬೇಡಿ, ಕೈಯಲ್ಲೇ ಇರಲಿ. ನೆಕ್ ಬೇರೆ ತೆಗೆದು ಬಟ್ಟೆ ಸುತ್ತಿ, ಬೆಲ್ಲಿನೊಳಗೆ ಒಂದು ಹಳೇ ಲುಂಗಿ ತುರುಕಿ. ಬೆಳ್ಳಿಯನ್ನು ಅಲ್ಲಿ ಯಾರ ಕೈಯಲ್ಲೂ ಪಾಲಿಶ್ ಮಾಡಿಸಬೇಡಿ. ಪೆಟ್ಟಿಗೆಯೊಳಗೆ ಹಳೇ ಮೌತ್‌ಪೀಸ್ ಉಂಟಾ ನೋಡಿದಿರಾ? ಉಂಟಾದರೆ ಅದನ್ನು ಬಿಟ್ಟು ಬರಬೇಡಿ.