ಇಂಗ್ಲಿಷ್ ಸತ್ತಿತೆಂಬ ಸುದ್ದಿಯೂ ನಮ್ಮ ಬಂಧುಬಳಗದ ಗುಂಪೂ

ಬಳ್ಳಾರಿ ಮಾವ (ಹಲವು ಬಾರಿ ಫಾರ್ವರ್ಡ್ ಆದ ಸಂದೇಶ): ಪೋಷಕರೆಲ್ಲರೂ ತಪ್ಪದೆ ಓದಿ! ಆಕ್ಸ್‌ಫರ್ಡ್ ನಿಘಂಟಿನವರು ಅಕ್ಷರವೇ ಇಲ್ಲದ ನಗುಮುಖದ ಚಿತ್ರವೊಂದನ್ನು ವರ್ಷದ ಪದವೆಂದು ಸಾರಿದ್ದಾರೆ. ಮೊಬೈಲ್ ಬಂದ ಮೇಲೆ ಹುಟ್ಟಿದ ಓಎಂಜಿಯಂಥ (‘ಓ ಮೈ ಗಾಡ್’ ಎಂಬುದರ ಮೊಟಕು ರೂಪ) ಅಡ್ಡಾದಿಡ್ಡಿ ಪದಗಳೂ ನಿಘಂಟು ಸೇರಿವೆ. ಇನ್ನು ಮುಂದೆ ಶಾಲೆಗಳಲ್ಲಿ ಸ್ಪೆಲ್ಲಿಂಗ್ ಕಲಿಸಬೇಕಾಗಿಲ್ಲವೆಂದು ಇಂಗ್ಲೆಂಡಿನ ಸರ್ಕಾರವೇ ತೀರ್ಮಾನಿಸಿದೆ. ಇಂಗ್ಲಿಷ್ ಸತ್ತಿತು. ಹತ್ತು ಜನರಿಗೆ ಕಳುಹಿಸಿ.

ಬಳ್ಳಾರಿ ಮಾವ: ನಾನು ಮೊದಲಿನಿಂದಲೂ ಹೇಳುತ್ತಾ ಬಂದದ್ದು ಇದನ್ನೇ. ನಮ್ಮ ತಂದೆಯವರು ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ಬಳ್ಳಾರಿಯಲ್ಲಿ ಓದಿದವರು; ಅವರು ಬರೆದ ಅರ್ಜಿಯಲ್ಲಿ ಒಂದು ಅಲ್ಪವಿರಾಮವೂ ಹೆಚ್ಚುಕಡಿಮೆ ಆಗುತ್ತಿರಲಿಲ್ಲ. ಈಗಿನ ಮಕ್ಕಳಿಗೆ ಭಾಷೆಯ ಮೇಲೆ ಭಯಭಕ್ತಿಯೇ ಇಲ್ಲ.

ಗಂಗಾವತಿ ತಮ್ಮ: ಮಾವ, ಇದರ ಮೂಲ ಯಾವುದು? ನಗುಮುಖದ ಮಾತು ನಿಜ, ಆದರೆ ಅದು 2015ರ ಹಳೆಯ ಸುದ್ದಿ. ಸ್ಪೆಲ್ಲಿಂಗ್ ಕಲಿಸುವುದಿಲ್ಲವೆಂಬ ತೀರ್ಮಾನವನ್ನು ಯಾರು, ಯಾವಾಗ ಕೈಗೊಂಡರೆಂಬುದು ಇದರಲ್ಲಿ ಎಲ್ಲಿಯೂ ಇಲ್ಲ. ಅಲ್ಲಿನ ಶಾಲೆಗಳ 6ನೇ ವರ್ಷದ ತರಗತಿಯ, ಅಂದರೆ ಹತ್ತು-ಹನ್ನೊಂದು ವಯಸ್ಸಿನ ಮಕ್ಕಳಿಗೆ 2013ರಲ್ಲಿ ವ್ಯಾಕರಣ, ವಿರಾಮಚಿಹ್ನೆ ಮತ್ತು ಸ್ಪೆಲ್ಲಿಂಗಿನ ಪ್ರತ್ಯೇಕ ಪರೀಕ್ಷೆಯನ್ನೇ ಆರಂಭಿಸಿದರು.

ಬಳ್ಳಾರಿ ಮಾವ: ಮೂಲ ಕೇಳುವುದು ಒಳ್ಳೆಯ ಅಭ್ಯಾಸವೇ. ಆದರೆ ಹಿರಿಯರು ಕಳಕಳಿಯಿಂದ ಕಳುಹಿಸಿದ್ದರಲ್ಲಿ ಮೊದಲು ಕಳಕಳಿಯನ್ನು ಕಾಣಬೇಕು. ಹೊಲದ ಪಾಲಿನ ಸಮಯದಲ್ಲಿಯೂ ನೀನು ಹೀಗೆಯೇ ದಾಖಲೆ, ದಾಖಲೆ ಎಂದು ಎಲ್ಲರ ಮನಸ್ಸು ಕೆಡಿಸಿದೆ.

ಗಂಗಾವತಿ ತಮ್ಮ: ಆಗ ದಾಖಲೆ ಕೇಳಿದ್ದರಿಂದಲೇ ಸರ್ವೆ ನಂಬರು ಸರಿಹೋಯಿತು, ಮಾವ.

ಸಿಂಧನೂರು ಚಿಗವ್ವ: ಅಣ್ಣನವರೇ, ಮದ್ರಾಸ್ ಪ್ರಾಂತ್ಯದ ಮಾತು ಬಂದಾಗಲೆಲ್ಲ ನಾವು ಸುಮ್ಮನೆ ಕೇಳಿದ್ದೇವೆ. ಬಳ್ಳಾರಿ 1953ರವರೆಗೆ ಮದ್ರಾಸಿನಲ್ಲಿತ್ತು, ನಿಮಗೆ ಇಂಗ್ಲಿಷ್ ಬೇಗ ಸಿಕ್ಕಿತು. ರಾಯಚೂರು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ನಮ್ಮ ಮಾವನವರು ಓದಿದ್ದು, ಅರ್ಜಿ ಬರೆದದ್ದು, ಪಹಣಿ ತೆಗೆಸಿದ್ದು ಎಲ್ಲವೂ ಉರ್ದುವಿನಲ್ಲಿ. ಅವರು ಅಕ್ಷರಸ್ಥರಲ್ಲವೆಂಬಂತೆ ನಿಮ್ಮ ಮನೆಯಲ್ಲಿ ಮಾತನಾಡಿದ್ದು ನನಗೆ ಇನ್ನೂ ನೆನಪಿದೆ.

ಮಾನ್ವಿ ಅಣ್ಣ: ಅಜ್ಜನ ಉರ್ದು ಕೈಬರಹ ಎಷ್ಟು ಚೆಂದವಿತ್ತು! ನನಗೆ ಇಂಗ್ಲಿಷ್ ಬಂದದ್ದು ಅವರ ಟ್ರಾನ್ಸಿಸ್ಟರಿನಿಂದ. ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಅದನ್ನಿಟ್ಟು, ಟೆಸ್ಟ್ ಪಂದ್ಯದ ವಿವರಣೆಯನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಕೇಳುತ್ತಿದ್ದೆವು. ಮೊದಮೊದಲು ಆಟಗಾರರ ಹೆಸರು ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ. ಆಮೇಲೆ ಔಟಾದದ್ದು ಹೇಗೆಂದು ಅಜ್ಜನಿಗೆ ನಾನೇ ಕನ್ನಡದಲ್ಲಿ ಬಿಡಿಸಿ ಹೇಳುವಂತಾಯಿತು. ಆ ಟ್ರಾನ್ಸಿಸ್ಟರ್ ಈಗ ಯಾರ ಮನೆಯಲ್ಲಿದೆ?

ಕೊಪ್ಪಳ ಅಕ್ಕ: ಟ್ರಾನ್ಸಿಸ್ಟರಿನ ವಿಚಾರವನ್ನು ಇನ್ನೊಂದು ದಿನ ಮಾತನಾಡೋಣ, ಆದರೆ ಅಣ್ಣ ಹೇಳಿದ್ದು ಬಹಳ ಮುಖ್ಯವಾದದ್ದು. ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳಾಗಿ ನಾನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ. ದಯವಿಟ್ಟು ಪೂರ್ತಿ ಓದಿ.

ಮಾವ, ಓಎಂಜಿ ಮೊಬೈಲಿನಿಂದ ಹುಟ್ಟಿದ್ದಲ್ಲ. ಬ್ರಿಟನ್ನಿನ ನೌಕಾಪಡೆಯ ಹಿರಿಯ ಅಧಿಕಾರಿಯಾಗಿದ್ದ ಲಾರ್ಡ್ ಫಿಶರ್ 1917ರಲ್ಲಿ ಚರ್ಚಿಲ್ಲರಿಗೆ ಬರೆದ ಪತ್ರದಲ್ಲಿಯೇ ಅದು ಇದೆ. ಇಂಗ್ಲಿಷ್ ಕೆಟ್ಟಿತೆಂಬ ಕೊರಗೂ ಹೊಸದಲ್ಲ. ಲೇಖಕ ಜೊನಾಥನ್ ಸ್ವಿಫ್ಟ್ 1712ರಲ್ಲಿ, ಪದಗಳನ್ನು ಮೊಟಕುಗೊಳಿಸುವ ಚಾಳಿಯಿಂದ ಭಾಷೆ ಹಾಳಾಗುತ್ತಿದೆ, ಅದನ್ನು ತಿದ್ದಿ ಸ್ಥಿರಗೊಳಿಸಲು ಒಂದು ಮಂಡಳಿ ಬೇಕು ಎಂದು ಬರೆದರು. ಅವರು ಸಹಿಸದಿದ್ದ ಮೊಟಕು ಪದಗಳಲ್ಲಿ ಒಂದಾದ ‘ಮಾಬ್’ (ದೊಂಬಿಯ ಗುಂಪು) ಇಂದು ಗಂಭೀರ ಪತ್ರಿಕೆಗಳಲ್ಲಿಯೇ ಬರುತ್ತದೆ. ಮಂಡಳಿ ಮಾತ್ರ ಸ್ಥಾಪನೆಯಾಗಲಿಲ್ಲ. 1755ರಲ್ಲಿ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಭಾಷೆಯನ್ನು ಒಂದೆಡೆ ನಿಲ್ಲಿಸಬಹುದೆಂಬ ಆಸೆ ತಮಗೂ ಇತ್ತು, ಕೆಲಸ ಮಾಡುತ್ತಾ ಹೋದಂತೆ ಅದು ಆಗದ ಮಾತೆಂದು ತಿಳಿಯಿತು ಎಂದು ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾರೆ.

ಇನ್ನು ಸ್ಪೆಲ್ಲಿಂಗ್. ನನ್ನ ಮಕ್ಕಳು ಪ್ರತಿ ವರ್ಷ ಕೇಳುವ ಪ್ರಶ್ನೆ ಒಂದೇ: ‘ನೈಫ್’ ಎನ್ನುವುದಕ್ಕೆ ಮೊದಲಲ್ಲಿ ಕೆ ಅಕ್ಷರ ಏಕೆ ಬೇಕು ಮಿಸ್? ಒಂದು ಕಾಲಕ್ಕೆ ಇಂಗ್ಲಿಷರು ಆ ಕೆ ಅಕ್ಷರವನ್ನು ಉಚ್ಚರಿಸುತ್ತಿದ್ದರು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಯಂತ್ರ ಹೂಡಿದ ಮೇಲೆ ಬರಹದ ರೂಪ ಮೆಲ್ಲಮೆಲ್ಲನೆ ಗಟ್ಟಿಯಾಗುತ್ತಾ ಬಂತು. ಆದರೆ ಸುಮಾರು 1400ರಿಂದ 1700ರವರೆಗೆ ದೀರ್ಘ ಸ್ವರಗಳ ಉಚ್ಚಾರಣೆಯೇ ಬದಲಾಗುತ್ತಿತ್ತು. ಮಾತು ಮುಂದಕ್ಕೆ ಹೋಯಿತು, ಬರಹ ಹಿಂದೆ ಉಳಿಯಿತು. ಇದನ್ನು ತಿಳಿಸಿದ ದಿನ ತರಗತಿಯ ಮುಖವೇ ಬೇರೆ. ಅದುವರೆಗೆ ತಮ್ಮ ತಲೆಯಲ್ಲಿಯೇ ಏನೋ ಕೊರತೆಯಿದೆ ಎಂದುಕೊಂಡ ಹುಡುಗಿ ಕೈ ಎತ್ತಿ ಇನ್ನೊಂದು ಪ್ರಶ್ನೆ ಕೇಳುತ್ತಾಳೆ.

ಕಲಿಕೆಯಲ್ಲಿ ತಪ್ಪು ಬರಲೇಬೇಕು. ಇಂಗ್ಲಿಷ್ ಮನೆಮಾತಾಗಿರುವ ಮಕ್ಕಳೂ ಮೂರು ನಾಲ್ಕು ವರ್ಷದ ವಯಸ್ಸಿನಲ್ಲಿ ‘ವೆಂಟ್’ ಎನ್ನುವಲ್ಲಿ, ‘ಗೋ’ ಪದಕ್ಕೆ ಭೂತಕಾಲದ ‘ಇಡಿ’ (-ed) ಸೇರಿಸಿ ‘ಗೋಡ್’ ಎನ್ನುತ್ತಾರೆ. ಅದು ದಡ್ಡತನವಲ್ಲ, ಯಾರೂ ಹೇಳಿಕೊಡದ ನಿಯಮವನ್ನು ಮಗು ತಾನೇ ಕಂಡುಕೊಂಡು ಎಲ್ಲ ಕಡೆಗೂ ಅನ್ವಯಿಸುತ್ತಿದೆ ಎಂಬುದಕ್ಕೆ ಸಾಕ್ಷಿ. ಅಣ್ಣ ಟ್ರಾನ್ಸಿಸ್ಟರಿನಿಂದ ಕಲಿತದ್ದೂ ಹೀಗೆಯೇ: ಮೊದಲು ಕಿವಿ, ಆಮೇಲೆ ಅರ್ಥ, ಕೊನೆಗೆ ವ್ಯಾಕರಣ. ನಮ್ಮ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ 1ನೇ ತರಗತಿಯಿಂದ ಇಂಗ್ಲಿಷ್ ಬಂದದ್ದು 2007-08ರಲ್ಲಿ. ಅದಕ್ಕಿಂತ ಹಿಂದಿನವರು 5ನೇ ತರಗತಿಯಲ್ಲಿ ಎಬಿಸಿಡಿ ಕಂಡು, ಬಾಯಿ ಬಿಟ್ಟರೆ ನಗುತ್ತಾರೆಂದು ಹೆದರಿ, ಹತ್ತನೆಯದನ್ನು ಉರುಹೊಡೆದು ದಾಟಿದರು. ಭಯಭಕ್ತಿ ಬೇಕೆನ್ನುತ್ತೀರಿ, ಮಾವ. ಭಯ ಬೇಕಾದಷ್ಟಿದೆ, ಎಷ್ಟೋ ಮಕ್ಕಳನ್ನು ಮೂಕರನ್ನಾಗಿ ಮಾಡಿದ್ದು ಅದೇ.

ಗಂಗಾವತಿ ತಮ್ಮ: ಅಕ್ಕಾ, ಫಿಶರ್ ಪತ್ರದ ಮಾತಿಗೆ ಮೂಲ?

ಕೊಪ್ಪಳ ಅಕ್ಕ: ಮಾವ ಬೈಯುತ್ತಿರುವ ಆಕ್ಸ್‌ಫರ್ಡ್ ನಿಘಂಟಿನಲ್ಲಿಯೇ ಆ ಉಲ್ಲೇಖವಿದೆ.

ಬಳ್ಳಾರಿ ಮಾವ: ಪೂರ್ತಿ ಓದಿದೆ, ಮಗಳೇ. ಇತಿಹಾಸವನ್ನು ಒಪ್ಪುತ್ತೇನೆ. ಆದರೆ ತುಂಗಭದ್ರಾ ಕಾಲುವೆಗೆ ದಂಡೆಯೇ ಇಲ್ಲದಿದ್ದರೆ ನೀರು ಕೊನೆಯ ಹೊಲಕ್ಕೆ ಮುಟ್ಟುವುದಿಲ್ಲ. ನೌಕರಿಯ ಅರ್ಜಿಯನ್ನು ಓದುವವನು ಸ್ವಿಫ್ಟ್, ಜಾನ್ಸನ್ ಎಂದು ವಿಚಾರ ಮಾಡುವುದಿಲ್ಲ. ತಪ್ಪು ಕಂಡರೆ ಪಕ್ಕಕ್ಕೆ ಇಡುತ್ತಾನೆ. ಅದಕ್ಕಾಗಿಯೇ ಕಟ್ಟುನಿಟ್ಟು ಬೇಕು.

ಸಿಂಧನೂರು ಚಿಗವ್ವ: ಕಾಲುವೆಯ ಕೊನೆಯ ಭಾಗದಲ್ಲಿರುವವರು ನಾವೇ, ಅಣ್ಣನವರೇ. ದಂಡೆ ಇದ್ದರೂ ನೀರು ಬಾರದ್ದನ್ನು ನೋಡಿದ್ದೇವೆ. ಇಷ್ಟು ದಿನ ಹೇಳದ ಮಾತನ್ನು ಇಂದು ಹೇಳುತ್ತೇನೆ. ಮಾನ್ವಿಯ ಮದುವೆಯಲ್ಲಿ ನನ್ನ ಮಗಳು ಬೀಗರ ಎದುರಿಗೆ ಮುಹೂರ್ತ ‘ಪ್ರೀಪೋನ್’ ಆಗಿದೆ, ಅಂದರೆ ನಿಗದಿಗಿಂತ ಮೊದಲೇ ಇದೆ ಎಂದಾಗ, ಅಂಥ ಪದವೇ ಇಂಗ್ಲಿಷಿನಲ್ಲಿ ಇಲ್ಲವೆಂದು ನೀವು ನಕ್ಕಿರಿ. ಅಂದಿನಿಂದ ಅವಳು ನಿಮ್ಮೆದುರು ಒಂದು ವಾಕ್ಯ ಇಂಗ್ಲಿಷ್ ಆಡಿಲ್ಲ.

ಕೊಪ್ಪಳ ಅಕ್ಕ: ‘ಪ್ರೀಪೋನ್’ ಕೂಡ ಆಕ್ಸ್‌ಫರ್ಡ್ ನಿಘಂಟಿನಲ್ಲಿದೆ. ದೇಶದ ತುಂಬ ನಮ್ಮ ಜನ ಆಡಿ ಆಡಿ ನೆಲೆಗೊಳಿಸಿದ ಪದ ಅದು. ಅವಳು ಆಡಿದ್ದರಲ್ಲಿ ತಪ್ಪಿರಲಿಲ್ಲ.

ಬಳ್ಳಾರಿ ಮಾವ: ನಕ್ಕವನು ನಾನಲ್ಲ, ನನ್ನ ತಮ್ಮ.

ಸಿಂಧನೂರು ಚಿಗವ್ವ: ಊಟದ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬಡಿಸುತ್ತಾ ನಿಮ್ಮ ಎಲೆಯ ಮುಂದೆಯೇ ನಿಂತಿದ್ದೆ, ಅಣ್ಣನವರೇ. ನಕ್ಕವರು ನೀವೇ.

ಮಾನ್ವಿ ಅಣ್ಣ: ಆ ಮದುವೆಯ ಫೋಟೊಗಳು ನನ್ನ ಬಳಿ ಇವೆ, ಕಳುಹಿಸಲೇ?

ಸಿಂಧನೂರು ಚಿಗವ್ವ: ಫೋಟೊ ಬೇಡ. ಮುಂದಿನ ತಿಂಗಳು ಅವಳಿಗೆ ಬೆಂಗಳೂರಿನಲ್ಲಿ ಸಂದರ್ಶನವಿದೆ, ಇಂಗ್ಲಿಷಿನಲ್ಲಿಯೇ. ಅಲ್ಲಿಯವರೆಗೆ ದಿನವೂ ರಾತ್ರಿ ಊಟದ ನಂತರ ಕೊಪ್ಪಳಕ್ಕೆ ಫೋನ್ ಮಾಡಿ ಮಾತನಾಡಲಿದ್ದಾಳೆ. ನಿಮಗೂ ಫೋನ್ ಮಾಡೆಂದು ಹೇಳಲೇ, ಅಣ್ಣನವರೇ?

ಬಳ್ಳಾರಿ ಮಾವ: ಮಾಡಲಿ. ತಿದ್ದುವುದನ್ನು ಕರೆ ಮುಗಿದ ಮೇಲೆ ಬರೆದು ಕಳುಹಿಸುತ್ತೇನೆ, ನಡುವೆ ತಡೆಯುವುದಿಲ್ಲ.

ಗಂಗಾವತಿ ತಮ್ಮ: ಮಾವ, ಮೇಲಿನ ಫಾರ್ವರ್ಡನ್ನು ಅಳಿಸಿಬಿಡಿ.